ಬಡ್ಡಿ ಮುಟ್ಟದ ಭಾವ

ಏಕಾದಶಿ ಉಪವಾಸವನ್ನೂ ಬಿಡದೆ, ಇಸ್ಲಾಮಿಕ್ ಬ್ಯಾಂಕಿನ ನಿಯಮಗಳನ್ನೂ ಮನೆಯೊಳಗೆ ಜಾರಿಗೆ ತಂದಿರುವ ಮೈಸೂರಿನವರು ಟೋಕಿಯೋದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ. ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ, ಇವರೇ ಸಾಕಾಗಿದ್ದಾರೆ!

ಭಾವ ಎಂದರೆ ಅಕ್ಕನ ಗಂಡ. ಶಿನಾಗಾವಾದ ಆಫೀಸಿನಲ್ಲಿ ಕುಳಿತು ಮಲೇಷ್ಯಾದ ಯಾವುದೋ ಇಸ್ಲಾಮಿಕ್ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಆ ಬ್ಯಾಂಕು ಬಡ್ಡಿ ಮುಟ್ಟುವುದಿಲ್ಲ. ನಿಮಗೆ ಕಾರು ಬೇಕೆಂದರೆ ಸಾಲ ಕೊಡುವ ಬದಲು ತಾನೇ ಕಾರು ಕೊಂಡು, ಅಸಲು ಇಷ್ಟು, ನನ್ನ ಲಾಭ ಇಷ್ಟು ಎಂದು ಬಾಯಿಬಿಟ್ಟು ಹೇಳಿ, ನಿಮಗೆ ಕಂತಿನ ಮೇಲೆ ಮಾರುತ್ತದೆ. ಸರಿ, ಅದು ಅವರ ಧರ್ಮ, ಅವರು ಪಾಲಿಸುತ್ತಾರೆ. ನಡುವೆ ಇವರದೇನು? ಸಾಫ್ಟ್‌ವೇರ್ ಬರೆದವರಿಗೆಲ್ಲ ಕತ್ತುನೋವು ಬಂದರೆ ನಮ್ಮ ಭಾವನಿಗೆ ತತ್ವ ಬಂತು.

ಅಕ್ಕ ಹೊಸ ರೈಸ್ ಕುಕ್ಕರ್ ಕೇಳಿದಳು. ಭಾವ ತಂದರು. ತಂದು, ಡಬ್ಬವನ್ನೂ ಬಿಚ್ಚದೆ ತಮ್ಮ ಮೇಜಿನ ಮೇಲಿಟ್ಟುಕೊಂಡು ಕುಳಿತರು.

"ಕೊಡ್ರೀ, ಅನ್ನಕ್ಕಿಡ್ಬೇಕು."

"ಇರೇ, ಮೊದ್ಲು ನಾನು ಓನರ್ ಆಗ್ಬೇಕು. ಆಮೇಲೆ ನಿಂಗೆ ಮಾರ್ತೀನಿ. ಅಸಲು ಹೇಳ್ಲಾ, ಲಾಭ ಹೇಳ್ಲಾ?"

"ಊಟ ಎಷ್ಟೊತ್ತಿಗೆ ಅಂತ ಹೇಳಿ!"

ಅಂದು ಎಲ್ಲರಿಗೂ ಬೀದಿಮೂಲೆಯ ಕೊಂಬಿನಿ ಅಂಗಡಿಯ ಅನ್ನದುಂಡೆಯೇ ಗತಿಯಾಯಿತು.

ನನ್ನ ಗಂಡನಿಗೆ ಟೊಯೊಸು ಸ್ಟೇಷನ್ನಿಗೆ ಹೋಗಲು ಸೈಕಲ್ ಬೇಕಿತ್ತು. ದುಡ್ಡು ನಮ್ಮಲ್ಲೇ ಇತ್ತು ಸ್ವಾಮಿ! ಆದರೂ ಷಡ್ಡಕನ ಮಾತಿಗೆ ಮರುಳಾದರು. ಭಾವ ಸೈಕಲ್ ಕೊಂಡು, ಇಲ್ಲಿನ ಪದ್ಧತಿಯಂತೆ ಅಂಗಡಿಯಲ್ಲೇ ತಮ್ಮ ಹೆಸರಿಗೆ ನೋಂದಾಯಿಸಿ, ನಮಗೆ ಕಂತಿಗೆ ಮಾರಿದರು. ಹೆಸರು ಬದಲಿಸುವುದನ್ನು ಮಾತ್ರ ಮರೆತರು. ಮರುವಾರವೇ ಒಬ್ಬ ಪೊಲೀಸ್ ನನ್ನ ಗಂಡನನ್ನು ನಿಲ್ಲಿಸಿ ಸೈಕಲ್ ಯಾರದೆಂದು ವಿಚಾರಿಸಿದ. ಭಾವ ಓಡಿಬಂದು, ತಮ್ಮ ಹರಕುಮುರುಕು ಜಪಾನಿಯಲ್ಲಿ ಮಾಲೀಕತ್ವ, ಅಸಲು, ಲಾಭ, ಬಡ್ಡಿಯ ಪಾಪ ಎಲ್ಲದರ ಬಗ್ಗೆ ಉಪನ್ಯಾಸ ಕೊಟ್ಟರು. ಪೊಲೀಸಪ್ಪ ಪ್ರತಿ ಮಾತಿಗೂ ತಲೆಯಾಡಿಸಿ, ಕೊನೆಗೆ ವಿನಯದಿಂದ ಬಗ್ಗಿ ಕೇಳಿದ: "ಸುಮಿಮಾಸೆನ್, ಕ್ಷಮಿಸಿ, ಇದು ಕದ್ದದ್ದೋ ಅಲ್ಲವೋ, ಅಷ್ಟು ಹೇಳಿ."

"ಬಡ್ಡಿಗೆ ಲಾಭ ಅಂತ ಹೆಸರಿಟ್ರೆ ಆಯ್ತಾ ಭಾವ? ಹಾಗಲಕಾಯಿ ಸಿಹಿಯಾಗತ್ತಾ?" ಎಂದು ನಾನು ರೇಗಿದೆ.

"ಮಾರೋಕ್ ಮುಂಚೆ ಸೈಕಲ್ ಕಳುವಾಗಿದ್ರೆ ನಷ್ಟ ನಂದಮ್ಮ. ಸಾಲ ಕೊಡೋನು ಅದನ್ನ ಹೊರ್ತಾನಾ?"

ಮಾತಿಗೇನು, ಭಾವನಿಗೆ ಎಂದೂ ಬರವಿಲ್ಲ.

ಇಂಥವರನ್ನು ಪಾಲುದಾರರನ್ನಾಗಿ ಮಾಡಿಕೊಂಡ ನನ್ನ ಬುದ್ಧಿಗೆ ಏನೆನ್ನಬೇಕು! ಬೆಂಗಳೂರಿನ ಕೆಲಸ ಬಿಟ್ಟು ಗಂಡನ ಜೊತೆ ಬಂದವಳು ನಾನು. ನನ್ನದು ಎಂದು ಹೇಳಿಕೊಳ್ಳಲು ಒಂದಾದರೂ ಬೇಕಿತ್ತು. ಟೊಯೊಸುವಿನ ಎತ್ತರದ ಕಟ್ಟಡಗಳ ತುಂಬ ನಮ್ಮವರೇ, ದೋಸೆಹಿಟ್ಟು ಮಾರೋಣವೆಂದು ಹೊರಟೆ. ಪರವಾನಗಿ ಇರುವ ಅಡುಗೆಮನೆಯೊಂದನ್ನು ಬಾಡಿಗೆಗೆ ಹಿಡಿಯಬೇಕಿತ್ತು. "ದುಡ್ಡು ನಂದು, ದುಡಿಮೆ ನಿಂದು, ಲಾಭ ಬಂದ್ರೆ ಹಂಚ್ಕೊಳ್ಳೋಣ" ಎಂದು ಭಾವ ಮುಂದೆ ಬಂದರು. ಆಮೇಲೆ ಶನಿವಾರ ಬಂತೆಂದರೆ ತಪಾಸಣೆಯ ಹೆಸರಿನಲ್ಲಿ ಪುಕ್ಕಟೆ ದೋಸೆ ತಿಂದು "ಉಪ್ಪು ಕಮ್ಮಿ" ಎಂದು ಹೇಳಿ ಹೋಗುವುದು!

ಚಳಿಗಾಲದಲ್ಲಿ ಹಿಟ್ಟು ಉಬ್ಬಲೇ ಇಲ್ಲ. ಬೇಸಿಗೆಯಲ್ಲಿ ಡಬ್ಬಿಯ ಮುಚ್ಚಳ ಹಾರಿಸಿ ಗಿರಾಕಿಗಳ ಫ್ರಿಜ್ಜಿನಲ್ಲೆಲ್ಲ ಹರಿಯಿತು. ಉಳಿದದ್ದನ್ನು ಬಾಡಿಗೆ ನುಂಗಿತು. ಕೊನೆಗೆ ನಾನು ವ್ಯಾಪಾರವನ್ನೇ ನಿಲ್ಲಿಸಿದೆ. ಎಲ್ಲರೂ ಕೇಳಿದ್ದು ಒಂದೇ, ದುಡ್ಡು ಎಷ್ಟು ಹೋಯಿತು ಎಂದು. ತಲೆತಗ್ಗಿಸಿಕೊಂಡು ಅಕ್ಕನ ಮನೆಗೆ ಹೋದೆ.

"ಭಾವ, ನಿಮ್ ದುಡ್ಡು ಕಂತಲ್ಲಿ ಕೊಟ್ಬಿಡ್ತೀನಿ. ಬಡ್ಡೀನೂ ಸೇರ್ಸಿ."

ಕಾದ ಕಾವಲಿ ಮುಟ್ಟಿದವರಂತೆ ಭಾವ ಎದ್ದು ನಿಂತರು.

"ಬಡ್ಡೀನಾ! ಇಷ್ಟ್ ದಿನ ಏನಮ್ಮ ಕೇಳಿಸ್ಕೊಂಡೆ ನೀನು? ನೀನು ಮೋಸ ಮಾಡಿಲ್ಲ, ಸೋಮಾರಿತನ ಮಾಡಿಲ್ಲ. ಹಂಗಿದ್ಮೇಲೆ ದುಡ್ಡಿನ ನಷ್ಟ ಪೂರ್ತಿ ದುಡ್ಡು ಹಾಕಿದವನದ್ದು. ಅದೇ ರೂಲು."

"ಪೂರ್ತಿ ನಿಮ್ದಾ? ನಂದೇನೂ ಇಲ್ವಾ?"

"ನಿಂದು ಹೋಗಿಲ್ವಾ? ಆ ಚಳೀಲಿ ಬೆಳಗಿನ ಜಾವ ಎದ್ದು ರುಬ್ಬಿದ್ದೆಲ್ಲ ಹೋಯ್ತಲ್ಲಮ್ಮ. ಅದನ್ನ ನಿಂಗೆ ಯಾರು ವಾಪಸ್ ಕೊಡ್ತಾರೆ?"

ಆ ನಷ್ಟವನ್ನು ಅದುವರೆಗೆ ನನ್ನ ಗಂಡನೂ ಸೇರಿದಂತೆ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಡೆಯಲಾಗದೆ ಅತ್ತುಬಿಟ್ಟೆ. ಭಾವ ಗಾಬರಿಯಾಗಿ ಜೇಬು ತಡಕಿ, ಒಂದು ಟಿಶ್ಯೂ ಪೊಟ್ಟಣವನ್ನು ತೆಗೆದು ನನ್ನ ಕೈಗಿಟ್ಟರು. ಅಸಲೆಷ್ಟು, ಲಾಭವೆಷ್ಟು, ಹೇಳಲಿಲ್ಲ.