ತಮ್ಮ ಶಾಲೆಗೆ ಹೋದದ್ದು

ನನ್ನ ತಮ್ಮ ಶಾಲೆಗೆ ಹೋದದ್ದು ಎರಡು ಸಲ. ಮೊದಲ ಸಲ ಆರನೆಯ ವಯಸ್ಸಿನಲ್ಲಿ. ಆಗ ನಾನು ಅವನ ಕಿವಿ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಮಾಸ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಕಿಟಕಿಯಿಂದ ಹಾರಿ ನನಗಿಂತ ಮೊದಲು ಮನೆ ಸೇರಿರುತ್ತಿದ್ದ. ಎರಡನೆಯ ಸಲ ಹೋದದ್ದು ಮೂವತ್ತು ದಾಟಿದ ಮೇಲೆ, ತಲೆಯಲ್ಲಿ ಬಿಳಿಕೂದಲು ಇಣುಕುವಾಗ. ಆಗ ಯಾರೂ ಎಳೆಯಬೇಕಾಗಲಿಲ್ಲ. ಜ್ವರ ಬಂದರೂ ಹೋದ. ಕಾಲಿಗೆ ಮುಳ್ಳು ಹೊಕ್ಕು ಬಾತಾಗ ಕುಂಟಿಕೊಂಡು ಹೋದ. ಒಂದು ಭಾನುವಾರವೂ ಹೊರಟು, ಅರ್ಧ ದಾರಿಯಲ್ಲಿ ನೆನಪಾಗಿ ಹಿಂದೆ ಬಂದ! ಇಂಥ ವಿದ್ಯಾರ್ಥಿ ಯಾವ ಶಾಲೆಗೆ ಸಿಕ್ಕುತ್ತಾನೆ ಹೇಳಿ?

ಒಂದೇ ಕೊರತೆ. ಗೇಟು ದಾಟಿ ಒಳಗೆ ಮಾತ್ರ ಹೋಗಲಿಲ್ಲ.

ಗೇಟು ಎಂದರೆ ಎರಡು ಮುರಕಲ್ಲಿನ ಕಂಬ, ಅಷ್ಟೆ. ಅದರ ಬಾಗಿಲು ಯಾರದೋ ದನದ ಹಟ್ಟಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ನಮ್ಮ ಊರು ಮಡಂತ್ಯಾರಿನಿಂದ ಒಳಗೆ. ಶಾಲೆಗೂ ನಮ್ಮ ಮನೆಗಳಿಗೂ ನಡುವೆ ಹರಿಯುವ ಒಂದು ತೋಡು, ತೋಡಿಗೆ ಅಡ್ಡವಾಗಿ ಮರದ ಕಾಂಡ ಹಾಸಿದ ಸಂಕ. ಮಳೆಗಾಲದಲ್ಲಿ ಮಕ್ಕಳು ತಾವೇ ಅದನ್ನು ದಾಟಿ ಬರಲಿ ಎಂದು ಬಿಡಲಿಕ್ಕಾಗುತ್ತದೆಯೇ? ಹಾಗಾಗಿ ಸಂಜೆಯ ಗಂಟೆ ಹೊಡೆಯುವ ಮೊದಲೇ ದೊಡ್ಡವರು ಗೇಟಿನಲ್ಲಿ ಸೇರುತ್ತಿದ್ದರು.

ಅಲ್ಲಿ ಸೇರಿದವರನ್ನು ಪರವೂರಿನವರು ನೋಡಿದರೆ ತಲೆ ತಿರುಗಬೇಕು. ನಾವು ಅಳಿಯಕಟ್ಟಿನವರು. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವು. ಅವಕ್ಕೆ ಯಜಮಾನ ಅಪ್ಪನಲ್ಲ, ಸೋದರಮಾವ. ಶಾಲೆಯಿಂದ ಕರೆತರುವುದೂ ಮಾವನೇ. ನನ್ನ ಮಗಳು ಸರಸುವನ್ನು ಕರೆತರುವುದು ನನ್ನ ತಮ್ಮನ ಪಾಲಿನ ಕೆಲಸ. ನನ್ನ ಗಂಡ ಎಲ್ಲಿ ಎಂದು ಕೇಳುತ್ತೀರಾ? ಅವರು ಬೆಳ್ತಂಗಡಿಯ ಹತ್ತಿರ ಇನ್ನೊಂದು ಶಾಲೆಯ ಗೇಟಿನಲ್ಲಿ ತಮ್ಮ ತಂಗಿಯ ಮಕ್ಕಳಿಗೆ ಕಾಯುತ್ತಿದ್ದರು! ಹೀಗೆ ನಮ್ಮ ಗಂಡಸರೆಲ್ಲ ತಮ್ಮ ಮಕ್ಕಳನ್ನು ಇನ್ನೊಬ್ಬನ ಕೊಡೆಗೆ ಬಿಟ್ಟು, ಅಕ್ಕತಂಗಿಯರ ಮಕ್ಕಳಿಗೆ ಕೊಡೆ ಹಿಡಿದು, ತಣ್ಣಗೆ ಎಲೆಅಡಿಕೆ ಜಗಿಯುತ್ತಿದ್ದರು. ಯಾರಿಗೂ ಅದು ಬೇಸರವಲ್ಲ. ಹೆಂಡತಿಯ ಮನೆಗೆ ಹೋದರೆ ತಮ್ಮ ಮಕ್ಕಳು ಸಿಗುತ್ತವಲ್ಲ.

ನನ್ನ ತಮ್ಮನಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. ಕಾರಣ ಒಂದು ಹುಂಜ.

ಅವನ ಹೆಂಡತಿ ಮೊದಲು ನಮ್ಮ ಮನೆಯಲ್ಲೇ ಇದ್ದಳು. ಒಂದು ಕೋಳಿ ಅಂಕದಲ್ಲಿ ತಮ್ಮನ ಹುಂಜ ಅವಳ ಅಣ್ಣನ ಹುಂಜವನ್ನು ಕೊಂದಿತು. ಸೋತ ಹುಂಜ ಗೆದ್ದವನಿಗೆ, ಅದು ಪದ್ಧತಿ. ಇವನು ಅದರ ಕಾಲು ಹಿಡಿದು ತೂಗಾಡಿಸಿಕೊಂಡು ಬಂದು, ಹೆಂಡತಿಯ ಮುಂದೆ ಹಾಕಿ, "ಪದಾರ್ಥ ಮಾಡು" ಎಂದ. ಅವಳು ನೋಡಿದರೆ, ತವರಿಗೆ ಹೋದಾಗಲೆಲ್ಲ ಕೈಯಲ್ಲೇ ಭತ್ತ ತಿನ್ನಿಸಿದ ಹುಂಜ! ಗಂಡ ಹೇಳಿದನಲ್ಲ ಎಂದು ಅತ್ತುಕೊಂಡೇ ಮಾಡಿದಳು. ಒಳ್ಳೆಯದೇ ಆಗಿತ್ತು. ನಾನೂ ತಿಂದೆ.

ಸುದ್ದಿ ಅವಳ ಅಣ್ಣನಿಗೆ ಮುಟ್ಟಿತು. "ನಮ್ಮ ಮನೆಯ ಹುಂಜವನ್ನು ನಮ್ಮ ಹುಡುಗಿಯ ಕೈಯಲ್ಲೇ ಬೇಯಿಸಿದ್ದಾ?" ಎಂದು ಬೆಳಿಗ್ಗೆಯೇ ಬಂದು ನಿಂತ. ತಂಗಿಯನ್ನು ಕರೆದುಕೊಂಡು ಹೋದ. ಸೊಂಟದಲ್ಲಿದ್ದ ಮಗು ವಾರಿಜಳೂ ಹೋದಳು. ಕೇಳುವುದು ಯಾರು? ಅವನ ತಂಗಿ, ಅವನ ಮನೆಯ ಮಗು.

ತಮ್ಮ ಅವಳ ತವರಿಗೆ ಹೋಗಿ ಅಂಗಳದಲ್ಲಿ ನಿಂತ. ಅವಳ ಅಣ್ಣ, ಅಂದರೆ ಇವನ ಭಾವ, ಜಗಲಿಯಿಂದಲೇ ಹೇಳಿದ, "ಆ ಹುಂಜ ತಂದು ಕೊಡಿ. ತಂಗಿಯನ್ನು ಕಳಿಸ್ತೇನೆ."

ತಿಂದ ಹುಂಜವನ್ನು ಎಲ್ಲಿಂದ ತರುವುದು? ಇವನು ಕಲ್ಲಡ್ಕದವರೆಗೆ ಹೋಗಿ ಅದೇ ಬಣ್ಣದ, ಅಂಥದೇ ಬಾಲದ ಒಂದನ್ನು ಹುಡುಕಿ ತಂದ. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಅದಲ್ಲ" ಎಂದ. ಅಲ್ಲವೆಂದು ಹುಂಜಕ್ಕೂ ಗೊತ್ತಿತ್ತು! ಆದರೆ ಅದನ್ನು ಹಿಂದೆ ಮಾತ್ರ ಕೊಡಲಿಲ್ಲ.

ಹೀಗಿರುವಾಗ ವಾರಿಜ ಒಂದನೇ ಕ್ಲಾಸಿಗೆ ಸೇರಿದಳು. ಒಂದಕ್ಕೂ ಎರಡಕ್ಕೂ ಒಂದೇ ಕೋಣೆ, ಕೂತದ್ದು ನಮ್ಮ ಸರಸುವಿನ ಪಕ್ಕದಲ್ಲೇ. ಅಲ್ಲಿಯವರೆಗೆ ಸರಸುವನ್ನು ಕರೆತರಲು ನೂರು ನೆವ ಹೇಳುತ್ತಿದ್ದ ತಮ್ಮ, ಮಾರನೆಯ ದಿನದಿಂದ ಮಧ್ಯಾಹ್ನದ ಊಟ ಇಳಿಯುವ ಮೊದಲೇ ಹೊರಡಲು ಸುರು ಮಾಡಿದ. ತಲೆಗೆ ಎಣ್ಣೆ, ಮೈಗೆ ಒಗೆದ ಅಂಗಿ. ಮಳೆಗಾಲ ಮುಗಿಯಿತು, ತೋಡಿನಲ್ಲಿ ಏಡಿಗೆ ಮುಳುಗುವಷ್ಟೂ ನೀರಿಲ್ಲ, ಬೇರೆ ಮಾವಂದಿರೆಲ್ಲ ಬರುವುದು ನಿಲ್ಲಿಸಿದರು. ಇವನು ನಿಲ್ಲಿಸಲಿಲ್ಲ. ಇವನು ಬರುತ್ತಾನೆ ಎಂಬ ಒಂದೇ ಕಾರಣಕ್ಕೆ ಭಾವನೂ ನಿಲ್ಲಿಸಲಿಲ್ಲ.

ಒಂದು ಸಂಜೆ ತಮ್ಮ ಒಬ್ಬನೇ ಮನೆಗೆ ಬಂದ.

"ಸರಸು ಎಲ್ಲಿ?" ಎಂದೆ.

"ಯಾವ ಸರಸು?" ಎಂದ! ಆಮೇಲೆ ಎಚ್ಚರಾಗಿ, "ಓ... ಅವಳು ಬರ್ಲಿಲ್ವಾ ಅಕ್ಕ?"

ಸರಸು ಆಗಲೇ ಬಂದು ಅಟ್ಟದಲ್ಲಿ ಬೆಲ್ಲ ಕದಿಯುತ್ತಿದ್ದಳು. "ಮಾವ ನನ್ನನ್ನು ನೋಡುದೇ ಇಲ್ಲ. ವಾರಿಜ ಹೋದ ದಾರಿಯನ್ನೇ ನೋಡಿಕೊಂಡು ನಿಲ್ತಾರೆ. ನಾನು ಕರೆದು ಕರೆದು ಸಾಕಾಗಿ ಬಂದೆ" ಎಂದಳು. ಇದಾದ ಮೇಲೆ ಮಾವನನ್ನು ಕರೆತರಲು ನಾನೂ ಗೇಟಿಗೆ ಹೋಗಬೇಕಾಯಿತು.

ಅಲ್ಲಿಯ ರಾಜಕೀಯ ನಾನು ನೋಡಿದ್ದು ಆಗ. ಒಂದು ಕಂಬಕ್ಕೆ ತಮ್ಮ ಒರಗಿದರೆ, ಇನ್ನೊಂದು ಕಂಬ ಭಾವನದು. ನಡುವೆ ಒಬ್ಬರು ಭಟ್ಟರು. ಭಟ್ಟರಲ್ಲಿ ಅಪ್ಪನೇ ಬರುವ ಕ್ರಮ, ಆದ್ದರಿಂದ ಪಾಪ, ತಮ್ಮ ಮಗನನ್ನು ಕರೆಯಲು ಬರುತ್ತಿದ್ದರು. ತಮ್ಮನೂ ಭಾವನೂ ಒಬ್ಬರಿಗೊಬ್ಬರು ಮಾತಾಡರು. ಆಡುವುದೆಲ್ಲ ಭಟ್ಟರ ಮೂಲಕ.

"ಭಟ್ರೇ, ಕೆಲವರಿಗೆ ಮನೆಯಲ್ಲಿ ಕೆಲಸ ಇಲ್ಲಾಂತ ಕಾಣ್ತದೆ" ಎನ್ನುತ್ತಿದ್ದ ಭಾವ.

"ಭಟ್ರೇ, ಹುಂಜಕ್ಕೆ ಜಗಳ ಕಲಿಸ್ಲಿಕ್ಕೆ ಆಗದವರು ಮನುಷ್ಯರ ಹತ್ರ ಜಗಳ ಮಾಡ್ತಾರೆ" ಎನ್ನುತ್ತಿದ್ದ ತಮ್ಮ.

"ಭಟ್ರೇ, ಅದರ ಕಾಲಿಗೆ ಮೊದಲೇ ಗಾಯ ಇತ್ತು. ನೀವೇ ಹೇಳಿ, ಗಾಯದ ಹುಂಜದ ಮೇಲೆ ಗೆದ್ದದ್ದು ಗೆಲ್ಲುದಾ?"

ಜನ್ಮದಲ್ಲಿ ಕೋಳಿಯ ಪುಕ್ಕ ಮುಟ್ಟದ ಬ್ರಾಹ್ಮಣ! "ನನ್ನನ್ನು ಬಿಡಿ ಮಾರಾಯ್ರೇ, ನನಗೆ ಸ್ನಾನ ಮಾಡ್ಬೇಕಾಗ್ತದೆ" ಎಂದು ಕೈ ಮುಗಿಯುತ್ತಿದ್ದರು.

ಗಂಡ ಬೊಂಬಾಯಿಯಲ್ಲಿದ್ದುದರಿಂದ ತಾನೇ ಬರುತ್ತಿದ್ದ ಕ್ರಿಸ್ತಾನರ ಬಾಯಮ್ಮ ಒಬ್ಬಳಿದ್ದಳು, ನಾಲಗೆಗೆ ಮೂಳೆಯಿಲ್ಲದವಳು. ಒಂದು ದಿನ ತಮ್ಮನ ಇಸ್ತ್ರಿ ಅಂಗಿ ನೋಡಿ ಭಟ್ಟರು, "ಎಂತ, ಮದುವೆಗೆ ಹೊರಟದ್ದಾ?" ಎಂದರು. ಬಾಯಮ್ಮ, "ಮದುವೆಗೆ ಅಲ್ಲ ಭಟ್ರೇ, ಹುಡುಗಿ ನೋಡ್ಲಿಕ್ಕೆ ಬಂದದ್ದು" ಎಂದಳು. ಇಡೀ ಗೇಟು ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಸ್ಲೇಟು ಅಪ್ಪಿಕೊಂಡು ವಾರಿಜ ಹೊರಗೆ ಬಂದಳು. ತಮ್ಮನ ಮುಖ ನೋಡಿ ಬಾಯಮ್ಮನ ನಗು ಅರ್ಧಕ್ಕೇ ನಿಂತಿತು.

ಮಗು ಅವನ ಎದುರಿನಿಂದಲೇ ಹೋಗುತ್ತಿತ್ತು. ಒಮ್ಮೆ ಕಣ್ಣೆತ್ತಿ ನೋಡುವುದು, ಮಾವನ ಕೈ ಹಿಡಿಯುವುದು, ಹೋಗುವುದು. ಅವಳಿಗೆ ಗೊತ್ತಿತ್ತೋ ಇಲ್ಲವೋ! ಸರಸುವಿನಂಥ ಬಾಯಿಬಡುಕಿ ಪಕ್ಕದಲ್ಲಿ ಕೂತಿರುವಾಗ ಗೊತ್ತಿಲ್ಲದೆ ಇರುತ್ತದೆಯೇ?

ಆಮೇಲೆ ತಮ್ಮ ಪೆಪ್ಪರ್ಮಿಂಟು ತರಲು ಹಿಡಿದ. ಸೀದಾ ಅವಳಿಗೇ ಕೊಡುವ ಹಾಗಿಲ್ಲ. ಹಾಗಾಗಿ ಗೇಟಿನಿಂದ ಹೊರಗೆ ಬಂದ ಎಲ್ಲ ಮಕ್ಕಳಿಗೂ ಕೊಡುವುದು. ಎಲ್ಲರ ಜೊತೆಗೆ ಅವಳೂ ಕೈ ಚಾಚಿಯಾಳು ಎಂದು ಲೆಕ್ಕ. ಭಟ್ಟರ ಮಗ ತೆಗೆದುಕೊಂಡ, ಬಾಯಮ್ಮನ ಮಕ್ಕಳು ಮತ್ತೆ ಮತ್ತೆ ಸಾಲಿಗೆ ಬಂದು ತೆಗೆದುಕೊಂಡರು, ಶಾಲೆಗೇ ಸೇರದ ಮಕ್ಕಳೂ ತೆಗೆದುಕೊಂಡವು. ಅವಳೊಬ್ಬಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಬೇಡ, ಮಾವ ಬೈತಾರೆ" ಎಂದಳು. ಮಳೆಗಾಲ ಬರುವಾಗ ಇಡೀ ಶಾಲೆಯ ಹಲ್ಲು ಹುಳುಕಾಗಿತ್ತು, ಅವಳೊಬ್ಬಳದನ್ನು ಬಿಟ್ಟು!

ಭಾವನಿಗೆ ಅದೂ ಸಾಲಲಿಲ್ಲ. "ಭಟ್ರೇ, ಎಲ್ಲರ ಎದುರಿಗೇ ಹೇಳ್ತೇನೆ. ಇನ್ನು ಯಾರಾದ್ರೂ ನಮ್ಮ ಮಗುವನ್ನು ಮುಟ್ಟಿದ್ರೆ, ಮಾತಾಡಿಸಿದ್ರೆ, ನಾಳೆಯಿಂದ ಅವಳಿಗೆ ಶಾಲೆ ಇಲ್ಲ. ಮನೆಯಲ್ಲಿ ಕರು ಮೇಯಿಸ್ಲಿ."

ಅವನು ಹೇಳಿದರೆ ಮಾಡುವವನು. ತಮ್ಮ ಮರುದಿನದಿಂದ ಕಂಬ ಬಿಟ್ಟು, ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ನಾನು ಬೈದೆ. "ಅಷ್ಟು ದೂರದಿಂದ ಎಂತ ಕಾಣ್ತದೆ ನಿನಗೆ? ಮನೆಯಲ್ಲಿ ಕೂತ್ಕೋ."

"ಕಾಣ್ತದೆ ಅಕ್ಕ. ಇವತ್ತು ಎರಡು ಜಡೆ ಹಾಕಿದ್ದಾಳೆ" ಎಂದ.

ಆ ಆಷಾಢದಲ್ಲಿ ಒಂದು ದಿನ ಮಧ್ಯಾಹ್ನವೇ ಕತ್ತಲಾಗಿ ಮಳೆ ಹೊಯ್ಯಿತು. ಮಾಸ್ಟ್ರು ಶಾಲೆ ಬೇಗ ಬಿಟ್ಟರು. ನಾನೂ ತಮ್ಮನೂ ಹೋಗಿ ಮುಟ್ಟುವಾಗ ಮಕ್ಕಳೆಲ್ಲ ಅವರವರ ಮನೆಯವರ ಜೊತೆ ಹೋಗಿಯಾಗಿತ್ತು. ಉಳಿದದ್ದು ಸರಸು ಮತ್ತು ವಾರಿಜ. ಭಾವ ಮೂಡುಬಿದಿರೆಗೆ ಹೋಗಿದ್ದ, ಬಂದಿರಲಿಲ್ಲ. ತೋಡು ನೋಡುವಾಗಲೇ ಏರುತ್ತಿತ್ತು; ಇನ್ನು ಸ್ವಲ್ಪ ಹೊತ್ತು ಕಾದರೆ ಸಂಕವೂ ಉಳಿಯದು.

"ಎತ್ತಿಕೋ ಅವಳನ್ನು" ಎಂದೆ ತಮ್ಮನಿಗೆ. "ಯಾರೂ ನೋಡುದಿಲ್ಲ."

ಅವನು ಎರಡು ಹೆಜ್ಜೆ ಮುಂದೆ ಬಂದ. ನಿಂತ. ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಬೇಡ ಅಕ್ಕ. ಶಾಲೆ ಬಿಡಿಸಿದ್ರೆ? ನೀನೇ ಕರ್ಕೊಂಡು ಹೋಗು."

ಸಂಕದಲ್ಲಿ ಹಿಡಿದುಕೊಳ್ಳಲು ಕಟ್ಟಿದ್ದ ಬಿದಿರು ನೀರಿಗೆ ಹೋಗಿತ್ತು. ನಾನು ಮುಂದೆ, ನನ್ನ ಸೆರಗು ಹಿಡಿದು ಸರಸು, ಅವಳ ಲಂಗ ಹಿಡಿದು ವಾರಿಜ. ತಮ್ಮ ಏನು ಮಾಡಿದ ಗೊತ್ತೇ? ಸಂಕ ಹತ್ತಲೇ ಇಲ್ಲ. ಇಸ್ತ್ರಿ ಅಂಗಿಯ ಸಮೇತ ತೋಡಿಗೆ ಇಳಿದ. ಈಜು ಬಾರದವನು! ಎದೆಮಟ್ಟದ ಕೆಸರು ನೀರಿನಲ್ಲಿ, ಸಂಕದ ಕಾಂಡಕ್ಕೆ ಭುಜ ಒತ್ತಿಕೊಂಡು, ಮಗು ಒಂದು ಹೆಜ್ಜೆ ಇಟ್ಟರೆ ತಾನೂ ಒಂದು ಹೆಜ್ಜೆ ಇಡುತ್ತ ಬಂದ. ಎರಡೂ ಕೈ ಮೇಲೆತ್ತಿದ್ದ, ಅವಳ ಎರಡು ಬದಿಗೆ. ಮುಟ್ಟಲಿಲ್ಲ.

ನಡುವಿಗೆ ಬರುವಾಗ ವಾರಿಜ ಸರಸುವಿನ ಲಂಗ ಬಿಟ್ಟು ನಿಂತೇಬಿಟ್ಟಳು. "ಅತ್ತೇ, ಹೆದರಿಕೆ ಆಗ್ತದೆ" ಎಂದಳು. ನನಗೆ ಕತ್ತು ಹೊರಳಿಸಿ ನೋಡುವುದಲ್ಲದೆ ಹಿಂದೆ ಹೋಗಲಿಕ್ಕೆ ಆಗದು. ತಮ್ಮನಿಗೆ ಬಾಯಿ ಬಿಡುವ ಹಾಗಿಲ್ಲ. ಅವನು ಸುಮ್ಮನೆ ಮುಖ ಎತ್ತಿ ಅವಳನ್ನು ನೋಡುತ್ತ ನಿಂತ. ಮಗು ಕೆಳಗೆ ನೋಡಿತು. ಆಮೇಲೆ ಬಗ್ಗಿ, ತನ್ನ ಅಂಗೈಯನ್ನು ಅವನ ನೆತ್ತಿಯ ಮೇಲೆ ಊರಿ, ಅದನ್ನೇ ಹಿಡಿದು ನಡೆಯಿತು.

ಆಚೆ ದಡದಲ್ಲಿ ಭಾವ ನಿಂತಿದ್ದ. ಯಾವಾಗ ಬಂದನೋ ನನಗೆ ತಿಳಿಯದು. ಅಲ್ಲಿ ಭಟ್ಟರಿರಲಿಲ್ಲ. "ಮೆಲ್ಲ... ಮೆಲ್ಲ" ಎಂದ. ಮಗುವಿಗೆ ಹೇಳಿದನೋ, ತೋಡಿನಲ್ಲಿದ್ದವನಿಗೆ ಹೇಳಿದನೋ, ನಾನು ಕೇಳಲಿಲ್ಲ. ದಡ ಮುಟ್ಟಿದ ಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡು ಹೋದ.

ತಮ್ಮ ಮೇಲೆ ಬರಲಿಲ್ಲ. ನೀರಿನಲ್ಲೇ ನಿಂತಿದ್ದ. ಮಳೆ ಕೊಡಪಾನದಿಂದ ಸುರಿದ ಹಾಗೆ ಸುರಿಯುತ್ತಿತ್ತು. ಅವನು ಎರಡೂ ಅಂಗೈಗಳನ್ನು ನೆತ್ತಿಯ ಮೇಲೆ ಕವುಚಿ ಹಿಡಿದಿದ್ದ.

"ಮೈಯೆಲ್ಲ ಒದ್ದೆ ಆದ ಮೇಲೆ ತಲೆ ಮುಚ್ಚಿ ಎಂತ ಮಾಡ್ತೀ? ಬಾ ಮೇಲೆ!" ಎಂದು ಕೂಗಿದೆ.

"ಸ್ವಲ್ಪ ನಿಲ್ಲು ಅಕ್ಕ" ಎಂದ. "ಇಲ್ಲಿ ಇನ್ನೂ ಬೆಚ್ಚಗೆ ಉಂಟು."