ಗೋಲ್‌ಕೀಪರನ ಕೈಯಲ್ಲಿ ನನ್ನ ಜುಟ್ಟು

ಐವತ್ತು ದಾಟಿದ ಗಂಡಸಿಗೆ ತನ್ನದು ಅಂತ ಹೇಳಿಕೊಳ್ಳೋಕೆ ಉಳಿಯುವುದು ಬಹಳ ಕಡಿಮೆ. ಸಂಬಳ ಮನೆಯದು, ರಿಮೋಟ್ ಮಗಳದು, ಅಭಿಪ್ರಾಯಗಳು ಹೆಂಡತಿಯವು. ನನಗೆ ಉಳಿದಿದ್ದು ತಲೆಕೂದಲು. ನಮ್ಮ ವಂಶದಲ್ಲಿ ಈ ವಯಸ್ಸಿಗೂ ಬಾಚಣಿಗೆ ಇಟ್ಟುಕೊಂಡಿರುವವನು ನಾನೊಬ್ಬನೇ. ಅದನ್ನೂ ನನ್ನ ಹೆಂಡತಿ ಸುಧಾ, ಒಂದು ಮಾತು ಕೇಳದೆ, ನಂಜನಗೂಡಿನ ನಂಜುಂಡೇಶ್ವರನಿಗೆ ಬರೆದುಕೊಟ್ಟುಬಿಟ್ಟಳು. ಅದೂ ಅಮೆರಿಕದಲ್ಲಿ ಫುಟ್‌ಬಾಲ್ ಆಡುವ ಹುಡುಗನೊಬ್ಬನಿಗಾಗಿ!

ಹುಡುಗ ಅಂದರೆ ಕೆವಿನ್, ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರ ಮಗ. ಇಲ್ಲಿ ಹೆತ್ತವರನ್ನು ಮಕ್ಕಳ ಹೆಸರಿನಿಂದಲೇ ಕರೆಯುವುದು. ಅವನಮ್ಮ ಮಾಮಾ ಕೆವಿನ್, ಮಗಳು ಅನುವಿನಿಂದಾಗಿ ನಾನು ಬಾಬಾ ಅನು. ಚಿಕ್ಕವನಿದ್ದಾಗ ನಮ್ಮ ಗೇಟನ್ನೇ ಗೋಲು ಮಾಡಿಕೊಂಡು ನನ್ನ ಭಾನುವಾರದ ನಿದ್ದೆ ಹಾಳು ಮಾಡಿದವನು, ಸುಧಾಳ ಚಿತ್ರಾನ್ನ ತಿಂದು ಬೆಳೆದವನು. ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕಕ್ಕೆ ಹೊರಟಾಗ ಇಡೀ ಬೀದಿ ಏರ್‌ಪೋರ್ಟಿಗೆ ಹೋಗಿತ್ತು. ಅಲ್ಲಿನ ಫುಟ್‌ಬಾಲಿನಲ್ಲಿ ಮೇಲಿನ ಮಹಡಿ, ಕೆಳಗಿನ ಮಹಡಿ ಅಂತ ಇದೆ, ಕೆವಿನ್ ಇರುವುದು ಕೆಳಗಿನದರಲ್ಲಿ ಅಂತ ಆಮೇಲೆ ಗೊತ್ತಾಯಿತು. ಸೇರಿದ ಮೊದಲ ಕ್ಲಬ್ ಬಾಗಿಲು ಹಾಕಿತು. ಎರಡನೆಯದರಲ್ಲಿ ಬೆಂಚು ಕಾದ. ಈಗಿನದು ಹೈಸ್ಕೂಲ್ ಮೈದಾನದಲ್ಲಿ ಆಡುವ ಕ್ಲಬ್. ಹೊಟ್ಟೆಪಾಡಿಗೆ ಮಕ್ಕಳಿಗೆ ಕೋಚಿಂಗ್ ಬೇರೆ. ಫೈನಲ್ ಗೆದ್ದರೆ ಮಾತ್ರ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇವೆ ಅಂದರಂತೆ. ಇಲ್ಲದಿದ್ದರೆ ವೀಸಾನೂ ಇಲ್ಲ, ಗಂಟುಮೂಟೆ ಕಟ್ಟಬೇಕು.

ಅಲ್ಲಿ ಶನಿವಾರ ಸಂಜೆ, ನಮಗೆ ಭಾನುವಾರ ಬೆಳಗ್ಗೆ. ಮಾಮಾ ಕೆವಿನ್ ನಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತ್ತು. ಆಟ ಸಮಸಮವಾಗಿ ಪೆನಾಲ್ಟಿಗೆ ಬಂತು. ಆಗಲೇ ಸುಧಾ ಕಣ್ಣುಮುಚ್ಚಿ ಕೈಮುಗಿದಳು: "ನಂಜುಂಡಪ್ಪಾ, ಹುಡುಗ ಗೆಲ್ಲಲಿ, ಮುಡಿ ಕೊಡಿಸ್ತೀನಿ."

"ಯಾರದ್ದೇ?"

"ನಿಮ್ಮದೇ ರೀ. ನನ್ನ ಜಡೆ ಕೊಡಕ್ಕಾಗತ್ತಾ?"

ಏನಂತೆ ಅಂದರು ಮಾಮಾ ಕೆವಿನ್. ಸುಧಾ ಇಂಗ್ಲಿಷಿನಲ್ಲಿ ವಿವರಿಸಿದಳು. ಆಕೆ ನನ್ನ ತಲೆಯನ್ನೊಮ್ಮೆ, ಟೀವಿಯನ್ನೊಮ್ಮೆ ನೋಡಿ, "ಅಸಾಂಟೆ, ಬಾಬಾ ಅನು" ಅಂತ ಥ್ಯಾಂಕ್ಸ್ ಹೇಳಿದರು. ಕಣ್ಣಲ್ಲಿ ನೀರಿತ್ತು. ಇನ್ನು ಆಗಲ್ಲ ಅಂತ ಯಾವ ಬಾಯಲ್ಲಿ ಹೇಳೋದು?

ನಮ್ಮವರು ಹೊಡೆದರು, ಅವರೂ ಹೊಡೆದರು. ಕೊನೆಗೆ ನಮ್ಮದೊಂದು ಮುಂದಿತ್ತು. ಎದುರಾಳಿಯ ಈ ಒಂದು ಹೊಡೆತ ಕೆವಿನ್ ತಡೆದರೆ ಮುಗಿಯಿತು. ಅವನು ಕೈ ಅಗಲಿಸಿ ನಿಂತ. ಎದುರಾಳಿ ಓಡಿಬಂದ, ಕಾಲೆತ್ತಿದ, ಟೀವಿ ನಿಂತುಹೋಯಿತು! ಪರದೆ ಮೇಲೆ ಬರೀ ಚಕ್ರ ಸುತ್ತುತ್ತಿದೆ. ಮಾಮಾ ಕೆವಿನ್ "ಯೇಸು, ಯೇಸು" ಅನ್ನುತ್ತಾ ನನ್ನ ಕೈ ಹಿಡಿದುಕೊಂಡರು. ನನಗೇನಾಯಿತೋ, "ನಂಜುಂಡಪ್ಪಾ, ಉರುಳು ಸೇವೆನೂ ಮಾಡ್ತೀನಿ!" ಅಂತ ಕೂಗಿಬಿಟ್ಟೆ. ಬಗ್ಗಿ ಶೂ ಲೇಸ್ ಕಟ್ಟಲಾರದ ಸೊಂಟನೋವಿನವನು ನಾನು!

ಚಿತ್ರ ವಾಪಸು ಬಂದಾಗ ಕೆವಿನ್ ಕಾಣಲೇ ಇಲ್ಲ. ಅವನ ಮೇಲೆ ಇಡೀ ತಂಡ ಬಿದ್ದು ಕುಣಿಯುತ್ತಿತ್ತು. ಮಾಮಾ ಕೆವಿನ್ ಬಿಕ್ಕಿಬಿಕ್ಕಿ ಅತ್ತರು, ಸುಧಾಳೂ ಅತ್ತಳು, ನಾನೂ. ಮಗಳು ಅನು ಮಾತ್ರ ಫೋನ್ ನೋಡುತ್ತಾ, "ಅಪ್ಪಾ, ಹಿ ಸೇವ್ಡ್ ಇಟ್ ಬಿಫೋರ್ ಯೂ ಶೌಟೆಡ್" ಅಂದಳು. ನಾನು ಕೂಗುವ ಮೊದಲೇ ಚೆಂಡು ಅವನ ಕೈ ಸೇರಿತ್ತಂತೆ.

"ಹಾಗಾದ್ರೆ ಉರುಳು ಸೇವೆ ಲೆಕ್ಕಕ್ಕಿಲ್ಲ" ಅಂದೆ.

"ದೇವರ ಹತ್ರ ವಕೀಲಿಕೆ ಮಾಡಬೇಡಿ" ಅಂದಳು ಸುಧಾ.

ಅಷ್ಟರಲ್ಲಿ ಕೆವಿನ್ ಫೋನು. ಅಮ್ಮನ ಹತ್ತಿರ ಮಾತಾಡಿ ನನಗೂ ಹೇಳಿದ: "ಅಂಕಲ್, ಒಂದು ವರ್ಷಕ್ಕೆ ಸೈನ್ ಮಾಡಿಸ್ತಿದಾರೆ!"

"ಒಂದೇ ವರ್ಷವೇನೋ? ಆಮೇಲೆ?"

"ಆಮೇಲೆ ಮತ್ತೆ ನೋಡೋಣ ಅಂತಾರೆ. ಇಲ್ಲಿ ನಮ್ಮಂಥವರದೆಲ್ಲ ಹೀಗೇ ಅಂಕಲ್."

ಫೋನ್ ಇಟ್ಟು ತಿರುಗಿದರೆ ಸುಧಾ, ಮಾಮಾ ಕೆವಿನ್ ಇಬ್ಬರೂ ನನ್ನ ತಲೆಯನ್ನೇ ನೋಡುತ್ತಿದ್ದರು, ಬೋಳಿಸಿದ್ದು ಒಂದು ವರ್ಷದೊಳಗೆ, ಮುಂದಿನ ಹರಕೆಗೆ, ಮತ್ತೆ ಬೆಳೆಯುತ್ತದೋ ಇಲ್ಲವೋ ಅಂತ. ನಾಚಿಕೆಯ ವಿಷಯವೆಂದರೆ, ನಾನೂ ಅದನ್ನೇ ಯೋಚಿಸುತ್ತಿದ್ದೆ.