ಯಜಮಾನರ ತಲೆಯಲ್ಲಿ ಅಫೀಮು

ಸಕ್ಕರೆ ಕಾಯಿಲೆಯವರ ನಡುವೆ ಕೆಲಸ ಮಾಡೋರು ನಗೋಕೆ ಅಂತ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ಟಿ. ನರಸೀಪುರದವಳು, ನಂಜನಗೂಡಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ನನ್ನ ಮಾತಿಗೆ ಒಪ್ಪದ ರೋಗಿ ಇನ್ನೂ ಹುಟ್ಟಿಲ್ಲ ಅಂತ ನನಗೆ ಜಂಬ. ಬಿಳಿಗೆರೆ ಕಡೆಯ ಈ ಯಜಮಾನರು ಮಾತ್ರ ನನ್ನ ಬೆವರಿಳಿಸಿಬಿಟ್ಟರು.

೧. ಅಫೀಮು

ಅವರ ಕಾಲ್ಬೆರಳಲ್ಲಿ ಮಾಯದ ಗಾಯ, ಪಾದದ ತುಂಬ ಉರಿ. ಇನ್ಸುಲಿನ್ ಶುರು ಮಾಡದಿದ್ದರೆ ಬೆರಳು ತೆಗೀಬೇಕಾಗುತ್ತೆ ಅಂದರು ಡಾಕ್ಟರು. ಅಷ್ಟಕ್ಕೆ ಸುಮ್ಮನಾಗಬಾರದಿತ್ತಾ? "ನೋವು ತಡೆಯೋಕೆ ನಮ್ಮ ಮೆದುಳೇ ಅಫೀಮಿನಂಥ ವಸ್ತು ತಯಾರಿಸುತ್ತೆ. ಸಕ್ಕರೆ ಹತೋಟಿ ತಪ್ಪಿದರೆ ಅದೂ ಏರುಪೇರಾಗಬಹುದು, ಇನ್ಸುಲಿನ್ನಿಂದ ಸರಿಹೋಗಲೂಬಹುದು" ಅಂತ ಪಾಠಕ್ಕೇ ಇಳಿದರು.

ಯಜಮಾನರು ದಿನಾ ಲಿಂಗಪೂಜೆ ಮಾಡೋರು, ಮಠಕ್ಕೆ ನಡೆದುಕೊಳ್ಳೋರು. ದಡಕ್ಕನೆ ಎದ್ದರು.

"ಬೀಡಿ ಸೈತ ಮುಟ್ಟಿದೋನಲ್ಲ ನಾನು. ನನ್ ತಲೇಲಿ ಅಫೀಮಾ ಸಾ? ಸ್ವಾಮಿಗೋಳು ಏನಂದಾರು?"

"ಸ್ವಾಮಿಗಳ ತಲೇಲೂ ಇರುತ್ತೆ ಯಜಮಾನ್ರೇ" ಅಂದುಬಿಟ್ಟೆ ನಾನು.

ಎರಡೂ ಕಿವಿ ಮುಚ್ಚಿಕೊಂಡು ಹೊರಟವರು, ಕುಂಟೋದನ್ನೂ ಮರೆತು ಬಸ್‌ಸ್ಟ್ಯಾಂಡ್ ತಲುಪಿದರು.

೨. ಸೂಜಿ

ನಾನು ಬಿಡ್ತೀನಾ? ಬಸ್‌ಸ್ಟ್ಯಾಂಡಿಗೇ ಹೋಗಿ ಹಿಡಿದೆ. ಆಗ ಮೆಲ್ಲಗೆ ನಿಜ ಹೊರಬಿತ್ತು. "ಸೂಜಿ ಅಂದ್ರೆ ಎದ್ರಿಕೆ ಕಣವ್ವ."

"ನಂಜನ್ನೇ ಕುಡಿದ ದೇವರ ಊರಲ್ಲಿ ನಿಂತ್ಕೊಂಡು ಒಂದು ಸೂಜಿಗೆ ಹೆದರ್ತೀರಲ್ಲ!" ಅಂದೆ. ಬಸ್ಸಿನವರೆಲ್ಲ ನಕ್ಕರು. ಮರ್ಯಾದೆ ಪ್ರಶ್ನೆ, ವಾಪಸ್ ಬಂದರು. ಕ್ಲಿನಿಕ್ಕಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, "ಬೇಗ ಚುಚ್ಚವ್ವ" ಅಂದರು.

"ಆಗಲೇ ಆಯ್ತು."

"ಆಗೋಯ್ತಾ? ಇನ್ನೊಂದ್ ಕಿತ ಚುಚ್ಚು, ನೋಡನ."

೩. ಪೂಜೆ

ಅವರ ಹೆಂಡತಿಗೆ ಎಲ್ಲ ಕಲಿಸಿ ಕಳಿಸಿದೆ. ಸೂಜಿ ಆದ ಅರ್ಧ ಗಂಟೆಯೊಳಗೆ ಊಟ. ನಡುಕ, ಬೆವರು ಬಂದರೆ ತಕ್ಷಣ ಸಕ್ಕರೆ ನೀರು.

ಮಾರನೇ ದಿನ ಮನೇಲಿ ಯಜಮಾನರು ಸೂಜಿ ಹಾಕಿಸಿಕೊಂಡು ಪೂಜೆಗೆ ಕೂತರು. ಪೂಜೆ ಆಗದೆ ಅವರು ತುತ್ತು ಮುಟ್ಟೋದಿಲ್ಲ. ಅವತ್ತು ಪೂಜೆ ಬೇರೆ ಉದ್ದವಾಯ್ತು. ಮೈ ನಡುಗಿತು, ಬೆವರು ಕಿತ್ತುಕೊಂಡಿತು, ಏನೇನೋ ಬಡಬಡಿಸಿದರು. "ದೇವ್ರು ಮೈಮೇಲೆ ಬಂದದೆ!" ಅಂತ ಅಕ್ಕಪಕ್ಕದವರು ಕೈಮುಗಿದು ನಿಂತರು. ಹೆಂಡತಿ ಮಾತ್ರ, "ದೇವ್ರೂ ಇಲ್ಲ ಗೀವ್ರೂ ಇಲ್ಲ, ಸಕ್ರೆ ಇಳಿದದೆ, ಸರೀರಿ ಅತ್ಲಾಗೆ" ಅಂತ ಎಲ್ಲರನ್ನೂ ತಳ್ಳಿಕೊಂಡು ಹೋಗಿ ಸಕ್ಕರೆ ನೀರು ಕುಡಿಸಿದ್ದಾಳೆ! ಕೇಳಿ ಹೆಮ್ಮೆಯಿಂದ ನನ್ನ ಕಣ್ಣು ತುಂಬಿಬಂತು. ಪೂಜೆ ಮೊದಲು, ಸೂಜಿ ಆಮೇಲೆ, ಅದಾದ ಮೇಲೆ ಊಟ ಅಂತ ಗೊತ್ತುಮಾಡಿದೆ.

ಗಾಯ ಮಾಯ್ತು, ಬೆರಳು ಉಳೀತು. ಕ್ಲಿನಿಕ್ಕಿಗೆ ಬಂದವರಿಗೆಲ್ಲ ಆ ಬೆರಳನ್ನ ನನ್ನ ಸ್ವಂತದ್ದು ಅನ್ನೋ ಹಾಗೆ ತೋರಿಸಿದೆ. ಜೊತೆಗೆ ಬಂದಿದ್ದ ಅವರ ಪಕ್ಕದ ಮನೆ ಹೆಂಗಸು ನನ್ನ ಮೂಲೆಗೆ ಕರೆದು ಪಿಸುಗುಟ್ಟಿದಳು:

"ಸಿಸ್ಟರವ್ವ, ಒಂದೇ ಒಂದ್ ದಿನ ಪೂಜೆಗೆ ಮುಂಚೆ ಸೂಜಿ ಆಕ್ಸಿ. ನನ್ ಮಗಳ ಮದ್ವೆ ಇಚಾರ ಕೇಳ್ತಿದ್ದೆ. ಅರ್ಧಕ್ಕೇ ಇವ್ರ ಎಂಡ್ತಿ ದೇವ್ರಿಗೆ ಸಕ್ರೆ ನೀರು ಕುಡ್ಸಿ ಕಳಿಸ್ಬುಟ್ಳು!"